ಅಕ್ಕನ ದನಿಯಲ್ಲಿ ಕೇಳಿದ ರಜೆ

ಇದು ನಡೆದ ಕಥೆ. ಕಟ್ಟಿದ ಕಥೆಯಾಗಿದ್ದರೆ ಕಟ್ಟಿದ ಜಾಗದಲ್ಲೇ ಬಿದ್ದಿರುತ್ತಿತ್ತು. ಇದು ಮೂರನೇ ಮಹಡಿಯ ಮೆಟ್ಟಿಲಿಳಿದು, ಎರಡು ಬೀದಿ ದಾಟಿ, ಕನ್ನಡಕದ ಅಂಗಡಿಯೊಂದರ ಹಿಂಬಾಗಿಲಿನವರೆಗೆ ತಾನಾಗಿ ನಡೆದು ಹೋಗಿ, ಬರಿಗೈಯಲ್ಲಿ ವಾಪಸು ಬಂದಿದೆ.

ಆ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಅಕ್ಕ ತಂಗಿ ಇಬ್ಬರೇ ಇದ್ದರು. ತಂಗಿಯದು ಬಾಯಿಯ ಉದ್ಯೋಗ. ಫೋನ್ ಮಾಡಿದವರನ್ನು ಗಂಟೆಗಟ್ಟಲೆ ಕಾಯಿಸುವ ಕಂಪನಿಗಳಿಗೆ 'ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಜೇನು ಸವರಿದ ದನಿಯಲ್ಲಿ ರೆಕಾರ್ಡ್ ಮಾಡಿಕೊಡುವುದು ಅವಳ ಕೆಲಸ. ಲಿಫ್ಟುಗಳಲ್ಲಿ 'ಬಾಗಿಲು ಮುಚ್ಚುತ್ತಿದೆ' ಎನ್ನುವವಳೂ ಅವಳೇ. ಹಾಗಾಗಿ ಅಕ್ಕ ಅವಳಿಗೆ 'ದಯವಿಟ್ಟು' ಎಂದೇ ಹೆಸರಿಟ್ಟಿದ್ದಳು. ಲೇ ದಯವಿಟ್ಟು, ಹಾಲು ಉಕ್ತಿದೆ ನೋಡು. ಲೇ ದಯವಿಟ್ಟು, ನನ್ನ ಚಪ್ಪಲಿ ಹಾಕ್ಕೊಂಡು ಹೋದೆಯಾ. ಸ್ಟುಡಿಯೋದ ಹೊರಗೆ ಆ ತಂಗಿಗೆ ಸ್ವಂತ ದನಿ ಎನ್ನುವುದು ಅಷ್ಟಾಗಿ ಇರಲಿಲ್ಲ. ಮನೆ ಮಾಲೀಕರ ಕೆಮ್ಮು, ಮೇಲಿನ ಮನೆಯಾಕೆ ಗಂಡನನ್ನು ಕರೆಯುವ ರಾಗ, ಕೆಟ್ಟುಹೋದ ಫ್ಯಾನಿನ ಗೊರಗೊರ, ಕಿವಿಗೆ ಬಿದ್ದದ್ದೆಲ್ಲ ಬಾಯಿಂದ ಹಾಗೇ ಹೊರಬರುತ್ತಿತ್ತು. ಅಪ್ಪ ಅಮ್ಮನ ಆಸ್ತಿ ಪಾಲಾದಾಗ ಬಾಯಿ ನನಗೆ ಬಂತು, ತಲೆ ಅಕ್ಕನಿಗೆ ಬಂತು, ಅದೂ ಅರ್ಧ ನೋವಿನ ಸಮೇತ ಬಂತು ಎಂದು ಅವಳು ಹೇಳುತ್ತಿದ್ದಳು.

ಅಕ್ಕನದು ಕಣ್ಣಿನ ಉದ್ಯೋಗ. ಕನ್ನಡಕದ ಅಂಗಡಿಯ ಹಿಂದಿನ ಕಿರುಕೋಣೆಯಲ್ಲಿ ಕೂತು, ದುಂಡನೆಯ ಗಾಜನ್ನು ನೀರು ಹನಿಯುವ ಚಕ್ರಕ್ಕೆ ಒಡ್ಡಿ ಫ್ರೇಮಿನ ಆಕಾರಕ್ಕೆ ಉಜ್ಜುವುದು, ಉಜ್ಜಿದ್ದನ್ನು ಕೂರಿಸುವುದು, ಆಮೇಲೆ ಮೀಟರಿನ ಒಂಟಿ ಕಣ್ಣಿಗೆ ತನ್ನ ಒಂದು ಕಣ್ಣು ಹಚ್ಚಿ ನಂಬರು ಸರಿಯಿದೆಯೇ, ಅಕ್ಷ ಸರಿಯಿದೆಯೇ ಎಂದು ನೋಡುವುದು. ಹನ್ನೊಂದು ವರ್ಷದಲ್ಲಿ ಅವಳ ಕೈ ದಾಟಿ ಹೋದ ಕನ್ನಡಕ ತಪ್ಪೆಂದು ಒಂದೂ ವಾಪಸು ಬಂದಿರಲಿಲ್ಲ. ಅಕ್ಷ ತಪ್ಪಿದರೆ ಅಕ್ಷಿ ತಪ್ಪಿತು ಅನ್ನು ಎಂದು ತಂಗಿ ಪ್ರಾಸ ಕಟ್ಟಿಕೊಟ್ಟರೆ, ಅಕ್ಕ ಅದನ್ನು ಅಂಗಡಿಯಲ್ಲಿ ಗಂಭೀರವಾಗಿ ಹೇಳಿ ಯಜಮಾನರಿಂದ ಶಹಬ್ಬಾಸ್ ಪಡೆದು ಬರುತ್ತಿದ್ದಳು.

ಎಲ್ಲ ಸರಿಯಿತ್ತು, ತಿಂಗಳಿಗೆ ಎರಡು ಮೂರು ದಿನ ಬಿಟ್ಟರೆ.

ಆ ದಿನಗಳಲ್ಲಿ ಅಕ್ಕನ ತಲೆಯ ಎಡ ಅರ್ಧ ಅವಳದಾಗಿ ಉಳಿಯುತ್ತಿರಲಿಲ್ಲ. ಹುಬ್ಬಿನ ಮೇಲೆ ಯಾರೋ ಹೆಬ್ಬೆರಳು ಒತ್ತಿದಂತೆ ಶುರುವಾಗಿ, ಒಂದು ಗಂಟೆಯೊಳಗೆ ಕಣ್ಣಗುಡ್ಡೆಯ ಹಿಂದೆ ಸುತ್ತಿಗೆ ಬಡಿತ. ಕಿಟಕಿಯ ಬೆಳಕು ಸೂಜಿ, ಪಾತ್ರೆಯ ಸದ್ದು ಸೂಜಿ, ಪಕ್ಕದ ಮನೆಯ ಸೋಪಿನ ವಾಸನೆಯೂ ಸೂಜಿ. ಕೋಣೆಯ ಪರದೆ ಎಳೆದು, ಒದ್ದೆ ಟವೆಲು ಕಣ್ಣಿಗೆ ಹಾಕಿ, ಬದಿಯಲ್ಲಿ ಬಕೆಟ್ಟಿಟ್ಟುಕೊಂಡು ಮಲಗುವಳು. ಮಾತು ತೊದಲುವುದು, ನೀರು ಬೇಕಾದರೆ 'ಬಾಗಿಲು' ಎನ್ನುವಳು. ಎರಡನೇ ದಿನವೋ ಮೂರನೇ ದಿನವೋ ಮುಟ್ಟಾದ ಮೇಲೆ ನೋವು ಬಂದ ದಾರಿಯಲ್ಲೇ ಇಳಿದುಹೋಗುವುದು.

ಅಂಗಡಿಯ ಯಜಮಾನರದು ಒಂದೇ ಕಟ್ಟುಪಾಡು. ರಜೆ ಬೇಕಾದವರು ತಾವೇ ಫೋನ್ ಮಾಡಿ ಕೇಳಬೇಕು. ಗಂಡ, ತಮ್ಮ, ನೆರೆಮನೆಯವರ ಕೈಲಿ ಹೇಳಿಸಿದರೆ ಒಪ್ಪುವುದಿಲ್ಲ. ಅಕ್ಕನಿಗೋ ಆ ಬೆಳಿಗ್ಗೆಗಳಲ್ಲಿ ಫೋನಿನ ಬೆಳಕು ನೋಡಲೂ ಆಗದು. ಮೂರು ವರ್ಷದ ಹಿಂದೆ ಒಂದು ಸಲ ಅವಳು ಫೋನ್ ಹಿಡಿದು, ಹಲೋ ಎನ್ನುವ ಮೊದಲೇ ವಾಂತಿ ಮಾಡಿಕೊಂಡದ್ದನ್ನು ನೋಡಿ ತಂಗಿ ಫೋನ್ ಕಸಿದುಕೊಂಡಳು, ಗಂಟಲು ಸರಿಮಾಡಿಕೊಂಡಳು, ಅಕ್ಕನ ಸಣ್ಣ, ಒಣ, ವಾಕ್ಯದ ಕೊನೆಯಲ್ಲಿ ಸ್ವಲ್ಪ ಮೇಲೇಳುವ ದನಿಯಲ್ಲಿ, "ಸಾರ್, ನಾನೇ. ಇವತ್ತು ಬರೋಕಾಗಲ್ಲ. ಜ್ವರ," ಎಂದಳು. ಯಜಮಾನರು ಹುಷಾರಮ್ಮಾ ಎಂದು ಇಟ್ಟುಬಿಟ್ಟರು. ಹೀಗೆ ಅಕ್ಕನ ರಜೆ ತಂಗಿಯ ಬಾಯಿಗೆ ಬಂತು.

ಪ್ರತಿ ತಿಂಗಳೂ ತಲೆನೋವು ಎಂದರೆ ಯಾರು ನಂಬುತ್ತಾರೆ. ಇನ್ನು ಅದು ಯಾವಾಗ ಬರುತ್ತದೆ ಎಂಬ ನಿಜವನ್ನು ಯಜಮಾನರ ಮುಂದೆ ಹೇಳುವುದಕ್ಕೆ ಅಕ್ಕನ ನಾಲಿಗೆ ಸುತರಾಂ ಒಪ್ಪಲಿಲ್ಲ. ಹಾಗಾಗಿ ತಂಗಿ ಕಾರಣಗಳನ್ನು ಹೊಸೆಯತೊಡಗಿದಳು. ಹೇಳಿದ್ದನ್ನೇ ಮತ್ತೆ ಹೇಳಬಾರದೆಂದು ಒಂದು ಪುಟ್ಟ ನೋಟ್‌ಬುಕ್ ಇಟ್ಟು, ತಾರೀಖು ಹಾಕಿ ಬರೆದುಕೊಂಡಳು. ಜ್ವರ. ನೆಂಟರು. ನಲ್ಲಿ ಒಡೆದು ಮನೆಯೊಳಗೆ ನೀರು. ಹಲ್ಲು. ದೊಡ್ಡಪ್ಪ ತೀರಿಕೊಂಡರು. ಕಾಲು ಉಳುಕು. ನೋಟ್‌ಬುಕ್ ಇದ್ದೂ ಒಂದು ಸಲ ಎಡವಿದಳು: ಒಂದೂವರೆ ವರ್ಷದ ಮೇಲೆ ದೊಡ್ಡಪ್ಪನನ್ನು ಮತ್ತೆ ಸಾಯಿಸಿದಳು. ಯಜಮಾನರು ಅತ್ತ ಕಡೆಯಿಂದ, ಇವರು ಹಳೇ ದೊಡ್ಡಪ್ಪಾನೋ ಹೊಸಬರೋ ಎಂದು ಕೇಳಿದರು. ಇನ್ನೊಬ್ಬರು ಸಾರ್, ಅಮ್ಮನ ಕಡೆಯವರು ಎಂದಳು ತಂಗಿ, ಅಕ್ಕನ ದನಿಯಲ್ಲಿ ಮೂಗೆಳೆದು. ನಿಜ ಹೇಳಬೇಕೆಂದರೆ ಅವರಿಗೆ ಯಾವ ಕಡೆಯಿಂದಲೂ ದೊಡ್ಡಪ್ಪನೇ ಇರಲಿಲ್ಲ. ಅಂದು ಪರದೆಯ ಹಿಂದೆ ಟವೆಲಿನಡಿಯಿಂದ ಅಕ್ಕ ನಕ್ಕು, ನಕ್ಕದ್ದಕ್ಕೆ ತಲೆ ಸಿಡಿದು ಅತ್ತಿದ್ದಳು.

ಈ ಆಟ ಹೀಗೇ ಸಾಗುತ್ತಿತ್ತೇನೋ, ಯಜಮಾನರು ಹೊಸ ಶಾಖೆ ತೆರೆಯುವ ಯೋಚನೆ ಮಾಡದಿದ್ದರೆ. ಹೊಸ ಶಾಖೆಗೆ ಒಂದು ದೊಡ್ಡ ವರ್ಕ್‌ಶಾಪ್. ಅಕ್ಕ ಒಂದು ಸಂಜೆ ಅದನ್ನು ನೋಡಿ ಬಂದವಳು ಊಟ ಮರೆತು ವರ್ಣಿಸಿದಳು. ಉತ್ತರಕ್ಕೆ ಅಗಲವಾದ ಕಿಟಕಿ, ಕಣ್ಣು ಕುಕ್ಕದ ಬೆಳಕು, ಎರಡು ಚಕ್ರ, ಹೊಸ ಮೀಟರ್, ಕೈಕೆಳಗೆ ಇಬ್ಬರು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ಅದನ್ನು ಯಾರಾದರೊಬ್ಬರ ಸುಪರ್ದಿಗೆ ಕೊಡಬೇಕು. ಇರುವವರು ಇಬ್ಬರೇ: ಅಕ್ಕ ಮತ್ತು ಫ್ರೇಮುಗಳ ಸ್ಕ್ರೂ ತಿರುಗಿಸುವ, ಒಳ್ಳೆಯವನೇ ಆದ ಫಿಟ್ಟರ್. ಕೆಲಸದಲ್ಲಿ ನಿಮ್ಮನ್ನ ಮೀರಿಸೋರಿಲ್ಲ, ಆದ್ರೆ ಹೊಸ ಕಡೆ ನಾನಿರಲ್ಲ, ಅಲ್ಲಿ ದಿನಾ ಬಾಗಿಲು ತೆಗೆಯೋರು ಬೇಕು ಎಂದು ಯಜಮಾನರು ಅಕ್ಕನಿಗೆ ಹೇಳಿದ್ದರು.

"ಹನ್ನೊಂದು ವರ್ಷ ಗೋಡೆ ನೋಡ್ಕೊಂಡು ಕೂತಿದೀನಿ ಕಣೆ," ಎಂದಳು ಅಕ್ಕ. "ಆ ಕಿಟಕಿ ನಂಗೆ ಬೇಕು."

ಅಕ್ಕ ಯಾವುದನ್ನೂ ಬೇಕು ಎಂದು ಕೇಳಿದವಳಲ್ಲ. ಮರುದಿನವೇ ತಂಗಿ ಅವಳನ್ನು ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಮೇಜಿನ ಮೇಲೆ ಮೊಣಕೈಯೂರಿ ಪೂರ್ತಿ ಕೇಳಿಸಿಕೊಳ್ಳುವ ಪೈಕಿ. ಎಷ್ಟು ವರ್ಷದಿಂದ, ಯಾವ ಬದಿ, ವಾಂತಿ ಉಂಟೋ, ಎಲ್ಲ ಕೇಳಿ, ಹಿಂದಿನ ತಾರೀಖುಗಳು ನೆನಪಿವೆಯೇ ಎಂದರು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಆಗ ತಂಗಿ ಸಂಕೋಚದಿಂದ ಚೀಲದೊಳಗಿಂದ ಸುಳ್ಳಿನ ನೋಟ್‌ಬುಕ್ ತೆಗೆದಳು. ಡಾಕ್ಟರಮ್ಮ ಕನ್ನಡಕ ಏರಿಸಿ ಓದಿದರು. ನಲ್ಲಿ, ಹಲ್ಲು, ದೊಡ್ಡಪ್ಪ, ಕಾಲು, ದೊಡ್ಡಪ್ಪ. ಕ್ಯಾಲೆಂಡರ್ ತಿರುವಿ ಲೆಕ್ಕ ಹಾಕಿದರು. ಇಪ್ಪತ್ತೇಳು ದಿನಕ್ಕೊಂದು, ಇಪ್ಪತ್ತೆಂಟಕ್ಕೊಂದು, ಮತ್ತೆ ಇಪ್ಪತ್ತೇಳು.

"ಕಾರಣ ಒಂದೂ ನಿಜ ಇಲ್ಲ," ಎಂದರು ಅವರು. "ತಾರೀಖು ಒಂದೂ ಸುಳ್ಳಿಲ್ಲ."

ಆಮೇಲೆ ಒಂದು ಹಾಳೆಯಲ್ಲಿ ಗುಡ್ಡದಂಥ ಗೆರೆ ಎಳೆದು ವಿವರಿಸಿದರು. ಹೆಂಗಸರ ಮೈಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ತಿಂಗಳಿಡೀ ಏರಿಳಿಯುತ್ತದೆ, ಮುಟ್ಟಾಗುವ ಮುಂಚಿನ ದಿನಗಳಲ್ಲಿ ಕಡಿದಾಗಿ ಜಾರುತ್ತದೆ. ಎಲ್ಲರಿಗೂ ಜಾರುತ್ತದೆ, ಬಹಳ ಜನರ ಮಿದುಳು ಅದನ್ನು ಗಮನಕ್ಕೇ ತಂದುಕೊಳ್ಳುವುದಿಲ್ಲ. ಕೆಲವರ ಮಿದುಳು ಮಾತ್ರ ಹುಟ್ಟಿನಿಂದಲೇ ಬದಲಾವಣೆ ಸಹಿಸದ ಜಾತಿ. ಮುಖ ಮತ್ತು ತಲೆಯ ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ದೊಡ್ಡ ನರವೊಂದಿದೆ, ಹಾರ್ಮೋನು ಜಾರಿದಾಗ ಅದು ಸಿಡುಕಾಗುತ್ತದೆ, ತುದಿಗಳಿಂದ ರಸಾಯನಗಳನ್ನು ಕಾರುತ್ತದೆ, ಮಿದುಳಿನ ಹೊದಿಕೆಯ ರಕ್ತನಾಳಗಳು ಹಿಗ್ಗಿ ಕೆರಳುತ್ತವೆ. ನೋವನ್ನು ಅಂಕೆಯಲ್ಲಿಡುವ ಸೆರೊಟೋನಿನ್ ಎಂಬುದೂ ಅದೇ ಹೊತ್ತಿಗೆ ಏರುಪೇರಾಗುತ್ತದೆ. ಇದು ಸಾಲದೆಂಬಂತೆ ಗರ್ಭಕೋಶದ ಒಳಪದರ ಕಳಚುವಾಗ ಹುಟ್ಟುವ ಪ್ರೊಸ್ಟಾಗ್ಲಾಂಡಿನ್ ಎಂಬ ಪದಾರ್ಥ ರಕ್ತಕ್ಕೆ ಸೇರಿ ಉರಿಯುವುದನ್ನು ಇನ್ನಷ್ಟು ಉರಿಸುತ್ತದೆ. ಹೊಟ್ಟೆ ಕಿವುಚುವುದೂ ಅದರಿಂದಲೇ.

"ಈಸ್ಟ್ರೋಜನ್ ಅಲ್ಲ ಡಾಕ್ಟ್ರೇ, ಇಷ್ಟ್ ರೋದನ," ಎಂದಳು ತಂಗಿ. ಡಾಕ್ಟರಮ್ಮ ನಗು ತಡೆದುಕೊಂಡರು.

ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದಾ ಎಂದು ಅಕ್ಕ ಕೇಳಿದಳು. ಒಂದು ಚೀಟಿ ಸಿಕ್ಕರೆ ಯಜಮಾನರಿಗೆ ತೋರಿಸಬಹುದೆಂಬ ಆಸೆ. ಗೊತ್ತಾಗುವುದಿಲ್ಲ ಎಂದರು ಡಾಕ್ಟರಮ್ಮ. ನಿಮ್ಮ ಹಾರ್ಮೋನಿನ ಮಟ್ಟ ಪಕ್ಕದ ಮನೆಯಾಕೆಯದರಷ್ಟೇ ಇರುತ್ತದೆ. ತೊಂದರೆ ಇರುವುದು ಮಟ್ಟದಲ್ಲಲ್ಲ, ಇಳಿತದಲ್ಲಿ.

ಅಕ್ಕ ಸ್ವಲ್ಪ ಹೊತ್ತು ಆ ಗುಡ್ಡದ ಗೆರೆಯನ್ನೇ ನೋಡಿದಳು. "ಕನ್ನಡಕದ ಥರ," ಎಂದಳು. "ನಂಬರ್ ಜಾಸ್ತಿ ಇದ್ರೆ ಯಾರಿಗೂ ತಲೆ ಸುತ್ತಲ್ಲ. ನಂಬರ್ ದಿಢೀರಂತ ಬದಲಾದ್ರೆ ಸುತ್ತುತ್ತೆ. ಗಾಜಲ್ಲಿ ತಪ್ಪೇನೂ ಇರಲ್ಲ."

ಡಾಕ್ಟರಮ್ಮ ಇದನ್ನು ನಾನು ಇನ್ನು ಎಲ್ಲರಿಗೂ ಹೇಳುತ್ತೇನೆ ಎಂದರು. ನಿಮ್ಮ ತಾಯಿಗೆ ಇತ್ತೇ ಎಂದೂ ಕೇಳಿದರು. ಇದು ಮನೆತನದಲ್ಲಿ ಹರಿಯುವುದುಂಟಂತೆ. ಅಮ್ಮನೂ ಹಣೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಅದಕ್ಕೆ ಅವರು ಚಿಕ್ಕಂದಿನಲ್ಲಿ ಅಮ್ಮನ ಮುನಿಸು ಎಂದು ಹೆಸರಿಟ್ಟಿದ್ದರು. ಯಾರ ಮೇಲೆ ಮುನಿಸು ಎಂದು ಯಾರೂ ಕೇಳಿರಲಿಲ್ಲ.

ಮೂರು ತಿಂಗಳು ಬರೆದಿಡಿ ಎಂದು ಡಾಕ್ಟರಮ್ಮ ಚೌಕಗಳ ಪಟ್ಟಿ ಕೊಟ್ಟರು. ನೋಟ್‌ಬುಕ್ಕಿನಲ್ಲಿ ತಲೆನೋವಿನ ದಿನ ಮಾತ್ರ ಇದೆ. ಇನ್ನು ಮೇಲೆ ತಲೆನೋವು ಬಂದ ದಿನಕ್ಕೆ ಗೀಟು, ಮುಟ್ಟಾದ ದಿನಕ್ಕೆ ಸೊನ್ನೆ. ಎರಡೂ ಜೊತೆ ಬಿಡದೆ ಬರುತ್ತವೆಂದು ಖಚಿತವಾದರೆ, ಇಳಿತಕ್ಕೆ ಎರಡು ದಿನ ಮುಂಚೆಯೇ ಮಾತ್ರೆ ಶುರುಮಾಡಿ ಅದನ್ನು ಬಾಗಿಲಲ್ಲೇ ತಡೆಯಬಹುದು, ಯಜಮಾನರಿಗೆ ತೋರಿಸಲು ಪತ್ರವನ್ನೂ ಬರೆದುಕೊಡುತ್ತೇನೆ ಎಂದರು. ಅಲ್ಲಿಯವರೆಗೆ ನೋವು ಬಂದಾಗ ನುಂಗಲು ಎರಡು ಗುಳಿಗೆ. ದಾರಿಯಲ್ಲಿ ತಂಗಿ ಆ ಪಟ್ಟಿಗೂ ಒಂದು ಮಾತು ಕಟ್ಟಿದಳು: ಮುಟ್ಟಿನ ರಜ ಒಂದು ಕಡೆ, ಅಂಗಡಿಯ ರಜೆ ಇನ್ನೊಂದು ಕಡೆ, ನಡುವೆ ಇರೋದು ಬರೀ ಒಂದು ಎತ್ವ. ಅಕ್ಕ ಥೂ ಎಂದಳು, ಆದರೆ ನಕ್ಕಳು.

ಮೊದಲ ತಿಂಗಳು ಗೀಟು, ಗೀಟು, ಗೀಟಿನ ಮೇಲೆ ಸೊನ್ನೆ. ಎರಡನೇ ತಿಂಗಳೂ ಅಕ್ಷರಶಃ ಹಾಗೇ. ಇನ್ನೊಂದೇ ತಿಂಗಳು.

ಆ ನಡುವೆ ಅಂಗಡಿಗೆ ಹನ್ನೆರಡು ವರ್ಷ ತುಂಬಿತೆಂದು ಯಜಮಾನರು ಕೆಲಸದವರಿಗೂ ಮನೆಯವರಿಗೂ ಒಂದು ಮಧ್ಯಾಹ್ನ ಊಟ ಹಾಕಿಸಿದರು. ಊಟಕ್ಕೆ ಮುಂಚೆ ಎದ್ದುನಿಂತು, ಶಾಲೆಯೊಂದರ ಮಕ್ಕಳಿಗೆ ನೂರ ಎಂಬತ್ತು ಕನ್ನಡಕದ ಆರ್ಡರ್ ಬಂದಿದೆ, ಮುಂದಿನ ತಿಂಗಳು ಇಂಥ ಶುಕ್ರವಾರ ಕೊಡಬೇಕು, ಕೊಟ್ಟ ಸಂಜೆಯೇ ಹೊಸ ವರ್ಕ್‌ಶಾಪಿನ ಕೀಲಿಕೈ ಯಾರ ಕೈಗೆ ಎಂದು ಹೇಳುತ್ತೇನೆ ಎಂದರು. ಹೇಳುತ್ತಾ ಅಕ್ಕನ ಕಡೆಗೇ ನೋಡಿದರು. ಅಕ್ಕ ತಲೆ ತಗ್ಗಿಸಿ ತಟ್ಟೆಯಂಚು ಒರೆಸಿದಳು. ತಂಗಿಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಆ ಖುಷಿಯೇ ಮುಳುವಾಯಿತು. ಊಟವಾದ ಮೇಲೆ ಯಾರೋ, ನಿಮ್ಮ ತಂಗಿ ಎಲ್ಲರ ಥರ ಮಾತಾಡ್ತಾಳಂತೆ ಎಂದರು. ತಂಗಿ ಎದ್ದಳು. ಮೊದಲು ಓದುವ ಅಕ್ಷರ ಕಾಣದಿದ್ದರೂ ಕಾಣುತ್ತದೆಂದು ಹಟ ಹಿಡಿಯುವ ಮುದುಕ ಗಿರಾಕಿ. ಚಪ್ಪಾಳೆ. ಸ್ಕ್ರೂ ಬಿದ್ದುಹೋದಾಗ ನೆಲದೊಂದಿಗೆ ಮಾತಾಡುವ ಫಿಟ್ಟರ್. ಫಿಟ್ಟರನೇ ಬಿದ್ದು ಬಿದ್ದು ನಕ್ಕ. ಮೂಗಿನಲ್ಲಿ ಮಾತಾಡುತ್ತಾ ಪ್ರತಿ ಮಾತಿಗೂ 'ಕಣಮ್ಮ' ಸೇರಿಸುವ ಯಜಮಾನರು. ಯಜಮಾನರು ಮೇಜು ಗುದ್ದಿದರು. ಇನ್ನೊಂದು, ಇನ್ನೊಂದು ಎಂದು ಕೂಗಿದರು. ಚಪ್ಪಾಳೆ ತಲೆಗೇರಿದವರಿಗೆ ನಾಲಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ತಂಗಿ ಅಂಗೈಯನ್ನೇ ಫೋನು ಮಾಡಿ ಕಿವಿಗೆ ಹಿಡಿದು, ಸಣ್ಣ, ಒಣ, ಕೊನೆಯಲ್ಲಿ ಮೇಲೇಳುವ ದನಿಯಲ್ಲಿ, "ಸಾರ್, ನಾನೇ. ದೊಡ್ಡಪ್ಪ ತೀರಿಕೊಂಡರು. ಇವರು ಇನ್ನೊಬ್ಬರು ಸಾರ್," ಎಂದುಬಿಟ್ಟಳು.

ನಗು ಛಾವಣಿಗೆ ಬಡಿಯಿತು. ಅದರ ನಡುವೆ ಯಜಮಾನರ ನಗು ಮಾತ್ರ ಸ್ವಲ್ಪ ತಡವಾಗಿ ಬಂತು, ತಡವಾಗಿ ನಿಂತಿತು. ಕಣ್ಣೊರೆಸಿಕೊಳ್ಳುತ್ತಾ, ಓಹೋ, ಮೂರು ವರ್ಷದಿಂದ ನನ್ನ ಜೊತೆ ಮಾತಾಡ್ತಿದ್ದದ್ದು ನೀನಾ ಎಂದರು. ತಂಗಿಗೆ ಮಿಂಚಿಹೋದದ್ದು ಆಗ ಹೊಳೆಯಿತು. ಅಕ್ಕನ ಕಡೆ ತಿರುಗಿದಳು. ಅಕ್ಕ ಮುಗುಳ್ನಕ್ಕಳು, ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಮನೆಗೆ ನಡೆಯುವಾಗಲೂ ಬೈಯಲಿಲ್ಲ. ನನ್ನ ದನಿ ಅಷ್ಟು ಒಣಗಿರುತ್ತಾ ಎಂದು ಮಾತ್ರ ಕೇಳಿದಳು.

ಅಂದಿನಿಂದ ಅಕ್ಕ ಗಡಿಯಾರದ ಮುಳ್ಳಾದಳು. ಬೆಳಿಗ್ಗೆ ಮೊದಲು ಅಂಗಡಿಗೆ ಹೋಗುವುದು, ಸಂಜೆ ಕೊನೆಗೆ ಹೊರಡುವುದು. ಪಟ್ಟಿ ನೋಡಿ ಬೆರಳಲ್ಲಿ ಎಣಿಸಿದಳು: ಇಳಿತ ಬರಬೇಕಾದ್ದು ಬುಧವಾರವೋ ಗುರುವಾರವೋ. ಶುಕ್ರವಾರ ಒಪ್ಪಿಸಬೇಕು. ಅದಕ್ಕೆ ಮುಂಚೆ ಎಲ್ಲವನ್ನೂ ಮುಗಿಸಿಬಿಡಬೇಕೆಂದು ಕೂತು ಉಜ್ಜಿದಳು. ಮಕ್ಕಳ ಕನ್ನಡಕವಾದ್ದರಿಂದ ಗಾಜು ಸಣ್ಣವು, ಬೆರಳ ತುದಿ ಚಕ್ರಕ್ಕೆ ತಾಗಿ ಸವೆದುಹೋಗಿತ್ತು. ಬುಧವಾರ ಸಂಜೆ ಬಂದಾಗ ನೂರ ನಲವತ್ತು ಪರೀಕ್ಷೆಯಾಗಿ ಡಬ್ಬಿ ಸೇರಿದ್ದವು. ನಲವತ್ತು ಉಳಿದಿದ್ದವು, ಮೀಟರಿಗೆ ಹಚ್ಚಿ ನೋಡುವುದೊಂದೇ ಬಾಕಿ. ನಾಳೆ ಮಧ್ಯಾಹ್ನದೊಳಗೆ ಮುಗೀತು ಎಂದಳು. ತಂಗಿ ಅವಳ ಎಡ ಹುಬ್ಬನ್ನೇ ನೋಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಏಳಕ್ಕೆ ಬಚ್ಚಲಿನಿಂದ ಲೋಟ ಬಿದ್ದ ಸದ್ದು ಬಂತು. ಅಕ್ಕ ಗೋಡೆ ಹಿಡಿದು ನಿಂತಿದ್ದಳು, ಎಡಗಣ್ಣಿನಿಂದ ನೀರು ಸುರಿಯುತ್ತಿತ್ತು. ಗುಳಿಗೆ ನುಂಗಿದಳು, ಅದು ಐದು ನಿಮಿಷದಲ್ಲಿ ಬಕೆಟ್ಟಿಗೆ ಬಂತು. ಎರಡನೆಯದೂ ಬಂತು. ತಂಗಿ ಪರದೆ ಎಳೆದು, ಟವೆಲು ಒದ್ದೆ ಮಾಡಿ, ಪಕ್ಕದಲ್ಲಿ ಕೂತಳು. ಎಂಟೂವರೆಗೆ ಫೋನು ಕೈಗೆತ್ತಿಕೊಂಡು ಹಾಗೇ ಹಿಡಿದಿದ್ದಳು. ಈ ಸಲ ಆಟವಾಡಬಾರದು. ಈ ಸಲ ಅಕ್ಕನೇ ಹೇಳಲಿ, ನಿಜವನ್ನೇ ಹೇಳಲಿ. ತೆರೆಯ ಬೆಳಕನ್ನು ಅಂಗೈಯಿಂದ ಮುಚ್ಚಿ, ಫೋನನ್ನು ಅಕ್ಕನ ಬಲಗಿವಿಗೆ ಹಿಡಿದಳು. ಅತ್ತ ಕಡೆಯ ಮೂಗಿನ ದನಿ ಅವಳಿಗೂ ಕೇಳುತ್ತಿತ್ತು.

"ಸಾರ್," ಎಂದಳು ಅಕ್ಕ. ನಾಲಿಗೆ ದಪ್ಪಗಾಗಿ, ದನಿ ಹೊಟ್ಟೆಯ ಆಳದಿಂದ ಎಳೆದಂತಿತ್ತು. "ಇವತ್ತು... ಬಾಗಿಲು... ತಲೆ. ಸ್ವಲ್ಪ ಹೊತ್ತು..."

 ಅತ್ತ ಕಡೆಯಿಂದ ನಗು ಬಂತು.

"ಇವತ್ತು ಯಾಕೋ ನಿನ್ನ ಕಲೆ ಕೈಕೊಡ್ತು ಕಣಮ್ಮ. ನಿಮ್ಮಕ್ಕ ಹೀಗಾ ಮಾತಾಡೋದು. ಅವತ್ತು ಊಟದ ದಿನ ಎಷ್ಟು ಚೆನ್ನಾಗಿ ಮಾಡಿದ್ದೆ."

"ನಾನೇ... ಸಾರ್."

"ನಾನೇ ಅಂತ ಅವತ್ತೂ ಅಂದಿದ್ದೆ ಕಣಮ್ಮ."

ತಂಗಿ ಫೋನ್ ಕಿತ್ತುಕೊಂಡಳು.  ಯಾರ ದನಿಯೂ ಅಲ್ಲದ ತನ್ನ ದನಿಯನ್ನು ಹುಡುಕಿ ತೆಗೆದು, ಸಾರ್, ಈಗ ಮಾತಾಡಿದ್ದು ಅಕ್ಕಾನೇ, ನಾನು ತಂಗಿ, ದಯವಿಟ್ಟು ನಂಬಿ ಎಂದಳು. ಎಷ್ಟೋ ವರ್ಷ ಸ್ಟುಡಿಯೋದಲ್ಲಿ ತಿದ್ದಿದ ಆ ಒಂದು ಪದ ತನ್ನ ಪಾಡಿಗೆ ತಾನು ಜೇನು ಸವರಿಕೊಂಡು ಹೊರಬಂತು.

"ಇದ್ಯಾರು ಮತ್ತೆ. ಕಂಪನಿ ಫೋನ್ ಕೇಳಿದಂಗಿದೆ," ಎಂದರು ಯಜಮಾನರು. ಅವರ ನಗು ಮುಗಿದಿತ್ತು. ಇವತ್ತು ತಮಾಷೆಯ ದಿನ ಅಲ್ಲ, ನಾಳೆ ಒಪ್ಪಿಸಬೇಕು, ಹನ್ನೊಂದರೊಳಗೆ ಅಕ್ಕ ಬರದಿದ್ದರೆ ಉಳಿದದ್ದನ್ನು ಫಿಟ್ಟರ್ ಕೈಲಿ ನೋಡಿಸ್ತೀನಿ ಎಂದು ಹೇಳಿ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಆ ಕಡೆಯಿಂದ ದಯವಿಟ್ಟು ಕಾಯಿರಿ ಎಂದು ಒಬ್ಬಳು ಹೇಳತೊಡಗಿದಳು. ಅದು ಯಾರೆಂದು ತಂಗಿಗೆ ಗೊತ್ತಿತ್ತು.

ಹತ್ತರ ಹೊತ್ತಿಗೆ ಅಕ್ಕ ಎದ್ದಳು. ಬೇಡ ಎಂದರೆ ಕೇಳಲಿಲ್ಲ. ಟವೆಲನ್ನು ಕಣ್ಣಿಗೆ ಕಟ್ಟಿಕೊಂಡು, ತಂಗಿಯ ಭುಜ ಹಿಡಿದು, ಕುರುಡಿಯ ಹಾಗೆ ಒಂದೊಂದೇ ಮೆಟ್ಟಿಲು ಇಳಿದಳು. ಎರಡನೇ ಮಹಡಿಯ ತಿರುವಿನಲ್ಲಿ ಕಿಟಕಿಯಿಂದ ಬಿಸಿಲು ನೇರ ಮುಖಕ್ಕೆ ಬಿತ್ತು. ಅಲ್ಲೇ ಕೂತಳು. ಯಾರದೋ ಮನೆಯ ಒಗ್ಗರಣೆ ವಾಸನೆ ಬಂತು, ವಾಂತಿಯಾಯಿತು. ನಲವತ್ತೇ ಕಣೆ, ನಲವತ್ತೇ ಎನ್ನುತ್ತಿದ್ದಳು. ಕೆಳಗಿನ ಮನೆಯಾಕೆ ಬಂದು ಇನ್ನೊಂದು ತೋಳು ಹಿಡಿದದ್ದರಿಂದ ಮೇಲಕ್ಕೆ ಕರೆತರಲು ಸಾಧ್ಯವಾಯಿತು. ಅಷ್ಟು ಹೊತ್ತಿಗೆ ಹನ್ನೊಂದೂಕಾಲು.

ಆ ದಿನ ತಂಗಿ ಅವಳನ್ನು ಬಿಟ್ಟು ಏಳಲಿಲ್ಲ. ಸಂಜೆ ಫಿಟ್ಟರನೇ ಫೋನ್ ಮಾಡಿ, ನಲವತ್ತೂ ನೋಡಿಯಾಯಿತು, ಅಕ್ಕಂಗೆ ಹೇಳಿ ಚಿಂತೆ ಬೇಡ ಎಂದ. ಅವನ ಒಳ್ಳೆಯತನ ಮೈಗೆ ಚುಚ್ಚಿತು. ಶುಕ್ರವಾರ ಸಂಜೆ ಮತ್ತೆ ಫೋನ್ ಮಾಡಿದ, ಈ ಸಲ ಕ್ಷಮೆ ಕೇಳುವ ದನಿಯಲ್ಲಿ: ಕೀಲಿಕೈ ತನಗೆ ಸಿಕ್ಕಿದೆ. ಅಕ್ಕನಿಗೆ ಹೇಳುವ ಧೈರ್ಯ ತಂಗಿಗೆ ಬರಲಿಲ್ಲ. ಅಂದೇ ಪಟ್ಟಿಯಲ್ಲಿ ಗೀಟಿನ ಮೇಲೆ ಸೊನ್ನೆ ಬಿತ್ತು. ಮೂರು ತಿಂಗಳು ಪೂರ್ತಿ.

ಶನಿವಾರ ಬೆಳಿಗ್ಗೆ ತಂಗಿ ಪಟ್ಟಿ ಹಿಡಿದು ಡಾಕ್ಟರಮ್ಮನ ಬಳಿ ಓಡಿದಳು, ಪತ್ರ ಬರೆಸಿಕೊಂಡಳು, ನೇರ ಅಂಗಡಿಗೆ ಹೋದಳು. ಮುಂಬಾಗಿಲಿನಿಂದ ಹೋಗಲು ಮುಖವಿಲ್ಲದೆ ಹಿಂಬಾಗಿಲಲ್ಲಿ ನಿಂತಳು. ಯಜಮಾನರು ಪತ್ರವನ್ನು ಎರಡು ಸಲ ಓದಿದರು. ಗೀಟು ಸೊನ್ನೆಗಳ ಮೇಲೆ ಬೆರಳಾಡಿಸಿದರು. ಕನ್ನಡಕ ತೆಗೆದು ಮಡಿಸಿ ಮೇಜಿನ ಮೇಲಿಟ್ಟರು. ನನಗೂ ಮನೇಲಿ ಹೆಂಗಸರಿದ್ದಾರೆ, ಅರ್ಥವಾಗದವನಲ್ಲ ಎಂದರು. ಅವತ್ತು ಮಾತಾಡಿದ್ದು ನಿಜಕ್ಕೂ ಅವರೇನಾ ಎಂದು ಕೇಳಿದರು. ತಂಗಿ ಹೂಂ ಎಂದಳು. ಅವರು ಚಕ್ರದ ಕಡೆ ತಿರುಗಿದರು. ಅಕ್ಕನ ಸ್ಟೂಲು ಖಾಲಿಯಿತ್ತು.

"ಮೂರು ವರ್ಷ ಪ್ರತಿ ತಿಂಗಳೂ ಫೋನ್ ಬಂದಿದೆ," ಎಂದರು. "ಒಂದ್ಸಲ, ಒಂದೇ ಒಂದ್ಸಲ ಇದನ್ನ ಹೇಳಿದ್ರೆ ನಾನೇ ಕಾಯ್ತಿದ್ದೆ ಕಣಮ್ಮ. ನೀನು ದೊಡ್ಡಪ್ಪನ್ನ ಸಾಯಿಸಿದೆ. ಈಗ ಕೀಲಿಕೈ ಫಿಟ್ಟರ್ ಕೈಗೆ ಕೊಟ್ಟಾಗಿದೆ. ಅವನೇನು ತಪ್ಪು ಮಾಡಿದಾನೆ ಅಂತ ವಾಪಸ್ ಕೇಳ್ಲಿ."

ಅಕ್ಕನ ಹಳೇ ಜಾಗ ಅಕ್ಕನಿಗೇ ಇರುತ್ತದೆ, ಯಾವಾಗ ಬೇಕಾದರೂ ಬರಲಿ, ಇನ್ನು ಮೇಲೆ ಆ ದಿನಗಳಿಗೆ ಕೇಳುವುದೂ ಬೇಡ ಎಂದರು. ತಂಗಿ ಕೈಮುಗಿದು ಹೊರಟಳು. ಬೀದಿಯಲ್ಲಿ ಒಬ್ಬ ಹಣ್ಣಿನವನು ಕೂಗುತ್ತಿದ್ದ. ಸಾಮಾನ್ಯವಾಗಿ ಅವನ ಕೂಗು ಮನೆ ಮುಟ್ಟುವವರೆಗೆ ಅವಳ ಬಾಯಲ್ಲಿರುತ್ತಿತ್ತು. ಅಂದು ಇರಲಿಲ್ಲ.

ಮನೆಯಲ್ಲಿ ಅಕ್ಕ ಪರದೆ ಅರ್ಧ ಸರಿಸಿ, ಹಾಸಿಗೆಯ ಮೇಲೆ ಕೂತು, ಒಗೆದ ಬಟ್ಟೆ ಮಡಿಸುತ್ತಿದ್ದಳು. ನೋವು ಇಳಿದ ಮರುದಿನದ ಮುಖ, ತೊಳೆದು ಬೋರಲು ಹಾಕಿದ ಪಾತ್ರೆಯಂತೆ. ತಂಗಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು: ಫಿಟ್ಟರ್, ಕೀಲಿಕೈ, ಪತ್ರ, ಯಜಮಾನರು. ತಪ್ಪೆಲ್ಲ ನನ್ನದೇ ಎಂದಳು. ಅಕ್ಕ ದಿಂಬಿನ ಚೀಲವೊಂದನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ನಾಲ್ಕು ಮಡಿಕೆ ಮಾಡಿದಳು.

"ಅವತ್ತು ಫೋ‌ನಲ್ಲಿ ಅವರು ಏನಂದ್ರು?" ಎಂದು ಕೇಳಿದಳು. "ನಂಗೆ ಅರ್ಧಂಬರ್ಧ ಕೇಳಿಸಿದ್ದು."

ತಂಗಿ ಹೇಳಿದಳು.

"ಹಂಗಲ್ಲ. ಅವರ ಥರಾನೇ ಹೇಳು."

"ಬೇಡ ಅಕ್ಕ. ನನ್ನ ಕೈಲಾಗಲ್ಲ."

"ಹೇಳೇ, ದಯವಿಟ್ಟು."

ಅದು ಅವಳ ಹೆಸರೋ ಕೋರಿಕೆಯೋ ಗೊತ್ತಾಗಲಿಲ್ಲ. ತಂಗಿ ಮೂಗಿನಲ್ಲಿ ಉಸಿರೆಳೆದು, ಅಳು ಗಂಟಲಲ್ಲಿ ಸಿಕ್ಕಿದ್ದರಿಂದ ಇನ್ನೂ ಸರಿಯಾಗಿ ಮೂಗಿಗೇ ಹತ್ತಿದ ದನಿಯಲ್ಲಿ, "ಇವತ್ತು ಯಾಕೋ ನಿನ್ನ ಕಲೆ ಕೈಕೊಡ್ತು ಕಣಮ್ಮ. ನಿಮ್ಮಕ್ಕ ಹೀಗಾ ಮಾತಾಡೋದು," ಎಂದಳು.

ಅಕ್ಕ ಕೈಯನ್ನು ಕಿವಿಗೆ ಹಿಡಿದಳು. ಗುರುವಾರದ ಆ ದಪ್ಪ ದನಿಯನ್ನು ಹುಡುಕುತ್ತಾ, ಸಾರ್ ಎಂದಳು. ಬರಲಿಲ್ಲ. ಗಂಟಲು ಕೆಳಗಿಳಿಸಿ ಮತ್ತೊಮ್ಮೆ, ನಾನೇ ಸಾರ್ ಎಂದಳು. ಅದೂ ಒಣದಾಗಿ, ಕೊನೆಯಲ್ಲಿ ಮೇಲೆದ್ದು, ಬೇರೆ ಯಾರದೋ ಹಾಗೆ ಕೇಳಿಸಿತು.

"ನಂಗೇ ಬರ್ತಿಲ್ಲ ನೋಡೇ," ಎಂದಳು ಅಕ್ಕ. "ಪಾಪ, ಅವರು ಹೆಂಗೆ ನಂಬ್ತಾರೆ."

ಅಷ್ಟು ಹೇಳಿದವಳು ನಕ್ಕಳು. ಮೊದಲು ಭುಜ ಮಾತ್ರ ಅಲುಗಿತು, ಆಮೇಲೆ ಮಡಿಸಿದ ಬಟ್ಟೆಗಳು ಮಂಚದಿಂದ ಜಾರಿದವು. ತಂಗಿಯೂ ನಗಲು ನೋಡಿದಳು, ಬಾಯಿ ಅರ್ಧಕ್ಕೆ ನಿಂತಿತು. ಅಕ್ಕನ ನಗು ನಿಲ್ಲಲಿಲ್ಲ. ಇನ್ನೂ ಪೂರ್ತಿ ಆರದ ಎಡ ಹುಬ್ಬನ್ನು ಅಂಗೈಯಿಂದ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಅದೊಂದು ಮಾತು ಮತ್ತೆ ಹೇಳೇ ಎಂದು ಸನ್ನೆ ಮಾಡಿದಳು. ತಂಗಿ ಮತ್ತೆ ಹೇಳಿದಳು. ಅಕ್ಕ ಇನ್ನೂ ಜೋರಾಗಿ ನಕ್ಕಳು.